ಕತ್ತರಿ ಕಾಣದ ಕೂದಲು

1958ರಲ್ಲಿ ನಾನು ಬೆಂಗಳೂರಿನ ಒಂದು ಸರ್ಕಾರಿ ಪರೀಕ್ಷಾಲಯದಲ್ಲಿ ಕಿರಿಯ ಸಹಾಯಕನಾಗಿದ್ದೆ. ಪೊಲೀಸರು ಕಳಿಸುವ ರಕ್ತದ ಬಟ್ಟೆ, ವಿಷ ಬೆರೆತ ಅನ್ನ, ಕೂದಲು, ನೂಲು, ಮಣ್ಣು, ಇವನ್ನೆಲ್ಲ ಪರೀಕ್ಷಿಸಿ ವರದಿ ಬರೆಯುವುದು ನಮ್ಮ ಕೆಲಸ. ನಮ್ಮ ಮನೆತನದಲ್ಲಿ ಹೈಸ್ಕೂಲು ಮುಗಿಸಿದ ಮೊದಲನೆಯವನು ನಾನು, ಬಿ.ಎಸ್ಸಿ. ಮಾಡಿದ ಮೊದಲನೆಯವನೂ ನಾನೇ. ನಮ್ಮಪ್ಪ ಊರೂರು ತಿರುಗಿ ಕ್ಷೌರ ಮಾಡುತ್ತಿದ್ದರು. ಅದನ್ನು ನಾನು ಎಂದೂ ಮುಚ್ಚಿಟ್ಟವನಲ್ಲ. ಆಫೀಸಿನ ಹಿರಿಯ ಗುಮಾಸ್ತರೊಬ್ಬರು ಮಾತ್ರ ಕಾಫಿ ಹೊತ್ತಿಗೆ ಚುಚ್ಚುತ್ತಿದ್ದರು:

"ಅಪ್ಪ ಕೂದಲು ಕತ್ತರಿಸಿದ, ಮಗ ಅದೇ ಕೂದಲು ನೋಡ್ತಾನೆ. ಇದಕ್ಕೆ ಡಿಗ್ರಿ ಬೇರೆ ಬೇಕಿತ್ತೇನಯ್ಯಾ?"

"ಕತ್ತರಿಸೋಕೆ ಬೇಕಿರ್ಲಿಲ್ಲ ಸಾರ್. ನೀವು ಕುರ್ಚಿ ಕೊಡೋಕೆ ಬೇಕಿತ್ತು" ಎಂದಿದ್ದೆ ಒಮ್ಮೆ. ಆಮೇಲೆ ಸ್ವಲ್ಪ ದಿನ ಬೇರೆ ಮೇಜಿನಲ್ಲಿ ಕಾಫಿ ಕುಡಿದರು.

ಫೆಬ್ರವರಿಯಲ್ಲಿ ಶಿಕಾರಿಪುರದಿಂದ ಅರಗು ಹಾಕಿದ ಒಂದು ಪಾರ್ಸೆಲ್ ಬಂತು. ಜೊತೆಗಿದ್ದ ಪತ್ರದ ಸಾರ ಇಷ್ಟು: ಸೊರಬ ಕಡೆ, ಕ್ಯಾಸನೂರು ಕಾಡಿಗೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ ಸಿದ್ದಪ್ಪ ಎಂಬ ಅರವತ್ತು ದಾಟಿದ ರೈತ ಕಾಣೆಯಾಗಿದ್ದಾನೆ. ಜಮೀನಿನ ಹಿಸ್ಸೆಯ ವಿಷಯದಲ್ಲಿ ಅವನಿಗೂ ಅವನ ಅಣ್ಣನ ಮಗ ಚನ್ನಬಸಪ್ಪನಿಗೂ ಜಗಳವಿತ್ತು. ಚನ್ನಬಸಪ್ಪನ ಕೊಟ್ಟಿಗೆಯ ಸೂರಿನಲ್ಲಿ ರಕ್ತ ಅಂಟಿದ ಕತ್ತಿ ಸಿಕ್ಕಿದೆ. ಕತ್ತಿಯ ಹಿಡಿಯ ಸಂದಿನಲ್ಲಿ ನರೆತ ಕೂದಲಿದೆ. ಆರೋಪಿ ಬಾಯಿ ಬಿಡುತ್ತಿಲ್ಲ. ಕೂದಲು ಮನುಷ್ಯನದೇ, ಸಿದ್ದಪ್ಪನದಕ್ಕೆ ಹೊಂದುತ್ತದೆಯೇ, ತಿಳಿಸಬೇಕು.

ಹೆಣ ಇಲ್ಲದ ಕೊಲೆ ಮೊಕದ್ದಮೆ. ಕೂದಲು ಹೊಂದಿತೆಂದರೆ ಆ ಮನುಷ್ಯನ ಕೊರಳಿಗೆ ಹಗ್ಗ ಹತ್ತಿರವಾದ ಹಾಗೆಯೇ.

ಕೂದಲ ಪೊಟ್ಟಣವನ್ನು ಬಿಳಿ ಕಾಗದದ ಮೇಲೆ ಬಿಚ್ಚಿದೆ. ಹದಿನೇಳು ಎಳೆ. ಬೂದುಬಣ್ಣ, ಎರಡು ಬೆರಳಿನಷ್ಟು ಉದ್ದ. ಬರಿಗಣ್ಣಿಗೆ ಮುದುಕನ ತಲೆಗೂದಲೇ ಅನ್ನಬೇಕು. ಭೂತಗನ್ನಡಿಯಲ್ಲಿ ತುದಿ ನೋಡಿದೆ. ಒಂದಾದರೂ ಕತ್ತರಿಸಿದ ತುದಿ ಇಲ್ಲ. ಕತ್ತರಿ ತಾಗಿದ ಕೂದಲಿನ ತುದಿ ಚೌಕವಾಗಿರುತ್ತದೆ, ತಿಂಗಳುಗಳ ಮೇಲೆ ದುಂಡಗಾಗುತ್ತದೆ. ಇವೆಲ್ಲ ಮುಳ್ಳಿನ ಹಾಗೆ ಸಣ್ಣಗಾಗುತ್ತಾ ಹೋಗಿ ಮುಗಿದಿದ್ದವು. ಇದನ್ನು ಕಾಲೇಜಿಗಿಂತ ಮುಂಚೆ ನಮ್ಮಪ್ಪನ ಚಾಪೆಯ ಮೇಲೆ ಕಲಿತಿದ್ದೆ. ಮೊದಲ ಸಲ ತಲೆ ಕೊಡುವ ಕೂಸಿನ ಕೂದಲು ಹಾಗಿರುತ್ತದೆ. ಅರವತ್ತು ದಾಟಿದವನದು ಹಾಗಿರುವುದಿಲ್ಲ.

ಇನ್ನೊಮ್ಮೆ ಬಗ್ಗಿ ನೋಡುವಾಗ ಕಾಗದದ ಮೇಲಿದ್ದ ಸಾಸಿವೆಗಿಂತ ಸಣ್ಣದೊಂದು ಕಂದು ಚುಕ್ಕೆ ಕದಲಿತು. ಕಾಲು ಬಿಚ್ಚಿ ನನ್ನ ಬೆರಳಿನ ಕಡೆಗೇ ನಡೆಯತೊಡಗಿತು. ಉಣುಗಿನ ಮರಿ, ದನದ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ.

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ಟೆ. ಹಿಂದಿನ ವರ್ಷದಿಂದ ಪತ್ರಿಕೆಗಳಲ್ಲಿ ಬರುತ್ತಿದ್ದ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಮರದಿಂದ ಉದುರಿ ಸಾಯುತ್ತಿವೆ, ಕಾಡಿಗೆ ಹೋದ ಜನ ಜ್ವರ ಹಿಡಿದು, ಮೂಗು ಬಾಯಲ್ಲಿ ರಕ್ತ ಬಂದು ಸಾಯುತ್ತಿದ್ದಾರೆ, ಅದನ್ನು ಹರಡುವುದು ಉಣುಗು ಎಂದು ವೈದ್ಯರು ಹೇಳುತ್ತಿದ್ದರು. ಗಾಜಿನ ಬಟ್ಟಲು ಮಗುಚಿ ಅದನ್ನು ಹಿಡಿದೆ. ಮದ್ಯಸಾರ ಸುರಿದೆ. ಆಮೇಲೆ ಕಾಗದದಲ್ಲಿ, ತೋಳಿನಲ್ಲಿ, ಕಾಲರಿನ ಒಳಗೆ ಇನ್ನೊಂದಿದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಸಿಗದಿದ್ದರೆ ಇಲ್ಲ ಎಂದು ಅರ್ಥವಲ್ಲವಲ್ಲ.

ನಮ್ಮ ಮುಖ್ಯಸ್ಥರು ಕಡಿಮೆ ಮಾತಿನ ಮನುಷ್ಯ. ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ಕೂದಲಿನ ನಡುವೆ ಮೆಡುಲ್ಲಾ ಎಂಬ ಕೊಳವೆ ಇರುತ್ತದೆ. ಮನುಷ್ಯನಲ್ಲಿ ಅದು ಸಣ್ಣದು, ನಡುನಡುವೆ ತುಂಡಾಗಿರುತ್ತದೆ. ನಾಯಿ, ದನ, ಮೇಕೆಗಳಲ್ಲಿ ಅಗಲ. ಇವನ್ನು ಬೇರೆ ಮಾಡುವುದು ಕಷ್ಟವಲ್ಲ. ಮೋಸ ಮಾಡುವುದು ಕೋತಿ ಜಾತಿಯ ಕೂದಲು. ಅದು ಮನುಷ್ಯನದಕ್ಕೆ ಅಷ್ಟು ಹತ್ತಿರ.

"ಮುಸುವ ಇರಬಹುದು," ಎಂದರು. ಕರಿಮೋರೆಯ, ಉದ್ದ ಬಾಲದ ಬೂದು ಕೋತಿ. "ಇರಬಹುದು ಅಂತ ವರದಿ ಬರೆಯೋ ಹಾಗಿಲ್ಲ. ನಮ್ಮಲ್ಲಿ ಹೋಲಿಸೋಕೆ ಮುಸುವನ ಕೂದಲಿಲ್ಲ. ಮುದುಕನದೂ ಇಲ್ಲ. ಎರಡನ್ನೂ ನೀವೇ ಹೋಗಿ ತನ್ನಿ."

ಹೆದರಿಕೆ ಆಗುತ್ತದೆ ಎಂದು ಹೇಳಬೇಕೆನಿಸಿತು. ಓದಿಸಲು ನಮ್ಮಮ್ಮ ಪಟ್ಟ ಪಾಡು ನೆನೆದು ಬಾಯಿ ಮುಚ್ಚಿಕೊಂಡೆ.

ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಶಿಕಾರಿಪುರಕ್ಕೆ ಬಸ್ಸು. ಇನ್‌ಸ್ಪೆಕ್ಟರ್ ರಂಗನಾಥಯ್ಯ ಸಜ್ಜನರು, ಆದರೆ ಮೊಕದ್ದಮೆ ಮುಗಿದೇ ಹೋಗಿದೆ ಎಂಬಂತೆ ಮಾತಾಡಿದರು. "ಕೂದಲು ಚಿಕ್ಕಪ್ಪನದೇ ರೀ. ನೀವೊಂದು ಗೆರೆ ಬರೆದುಕೊಟ್ರೆ ಸಾಕಾಗಿತ್ತು, ಇಷ್ಟು ದೂರ ಯಾಕೆ ಬಂದ್ರಿ?" ರಕ್ತ ಅಂಟಿದ ಕತ್ತಿಯನ್ನು ಆಗಲೇ ಕಲ್ಕತ್ತಾಕ್ಕೆ ಕಳಿಸಿದ್ದಾಗಿತ್ತು. ರಕ್ತ ಮನುಷ್ಯನದೋ ಪ್ರಾಣಿಯದೋ ಎಂಬ ಪರೀಕ್ಷೆಗೆ ನಾವು ಆಗ ಅಲ್ಲಿಗೇ ಕಳಿಸಬೇಕಿತ್ತು. ಉತ್ತರ ಬರಲು ತಿಂಗಳುಗಳು ಹಿಡಿಯುತ್ತಿತ್ತು.

ಆರೋಪಿಯ ಕೂದಲ ಮಾದರಿಯೂ ಬೇಕೆಂದು ಹೇಳಿ ಸಬ್‌ಜೈಲಿಗೆ ಹೋದೆ. ಚನ್ನಬಸಪ್ಪನಿಗೆ ನಲವತ್ತರ ಆಸುಪಾಸು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಪೇದೆ ಬಾಗಿಲಾಚೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ನಾನು ಕತ್ತರಿ ಹಿಡಿದ ರೀತಿ ನೋಡಿ ಚನ್ನಬಸಪ್ಪ ಮೊದಲ ಸಲ ಬಾಯಿ ತೆರೆದ.

"ನಿಮ್ಮ ಕೈಗೆ ರೂಢಿ ಐತಿ."

"ಅಪ್ಪನ ಕಸುಬು" ಎಂದೆ. ಕೂದಲನ್ನು ಕಾಗದದಲ್ಲಿ ಮಡಿಸುತ್ತಾ ಕೇಳಿದೆ: "ಕತ್ತಿಯಲ್ಲಿ ಸಿಕ್ಕ ಕೂದಲಿಗೆ ಕತ್ತರಿಯೇ ತಾಗಿಲ್ಲ. ನಿಮ್ಮ ಚಿಕ್ಕಪ್ಪ ಕ್ಷೌರ ಮಾಡಿಸಿಕೊಳ್ತಿರಲಿಲ್ಲವಾ?"

ಅವನು ಬಾಗಿಲ ಕಡೆ ನೋಡಿ, ಬಹಳ ತಗ್ಗಿದ ದನಿಯಲ್ಲಿ ಅಂದ:

"ಅದು ಚಿಕ್ಕಪ್ಪಂದೇ ಅಂತ ಬರ್ಕೊಂಬಿಡ್ರಿ ಸ್ವಾಮಿ."

ಜೈಲಿನಲ್ಲಿ ಕೂತವನು ನಾನು ಕೊಂದಿಲ್ಲ ಎನ್ನುವುದನ್ನು ಕೇಳಿದ್ದೆ. ನನ್ನ ಮೇಲೆ ಕೊಲೆ ಹೊರಿಸಿ ಎಂದು ಬೇಡಿಕೊಂಡವನನ್ನು ಕಂಡಿರಲಿಲ್ಲ.

"ಹಾಗೆ ಬರೆದರೆ ಗಲ್ಲಿಗೆ ಹಾಕ್ತಾರೆ, ಗೊತ್ತಾ?"

"ಗಲ್ಲಿಗೆ ನಾನೊಬ್ಬ ಹೋಗ್ತೀನಿ. ಇದು ಊರಿಗೆ ಗೊತ್ತಾದ್ರೆ ನನ್ನ ಮನಿ ಮಂದಿನೆಲ್ಲ ಬಿಡಲ್ಲ." ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದ. ಕೊಟ್ಟಿಗೆಯಲ್ಲಿ ಕರು ಒದರಿತೆಂದು ಓಡಿದರೆ ಒಂದು ಮುಸುವ ಒಳಗೆ ಬಿದ್ದು ಒದ್ದಾಡುತ್ತಿತ್ತು. ಕಣ್ಣು ಕೆಂಪಾಗಿತ್ತು. ಕರುವಿನ ಕಾಲು ಹಿಡಿದುಕೊಂಡಿತ್ತು. ಗಾಬರಿಯಲ್ಲಿ ಕತ್ತಿ ಬೀಸಿದ. "ಹನುಮಪ್ಪನ್ನ ಕಡಿದಂಗಾತು. ಅವತ್ತೇ ನಮ್ಮೂರಾಗೆ ಜ್ವರಕ್ಕೆ ಮೂರನೇ ಹೆಣ ಹೋಗಿತ್ತು. ಯಾರೋ ಮಂಗನ್ನ ಕೊಂದಾರೆ, ಅದಕ್ಕೇ ಈ ಮಾರಿ ಅಂತ ಊರೆಲ್ಲ ಹುಡುಕ್ತಿದ್ರು. ನಾನು ಕೊಂದಿದ್ದು ಆಮೇಲೆ, ಜ್ವರ ಬಂದಿದ್ದು ಮೊದ್ಲು ಅಂದ್ರೆ ಯಾರು ಕೇಳ್ತಾರೆ?"

"ಅದನ್ನ ಎಲ್ಲಿ ಬಿಸಾಡಿದ್ರಿ?"

ಅವನು ನನ್ನನ್ನು ನೋಡಿದ ನೋಟಕ್ಕೆ ಆ ಮಾತು ಆಡಬಾರದಿತ್ತು ಅನ್ನಿಸಿತು. "ಬಿಸಾಕಲಿಲ್ರೀ. ವಿಭೂತಿ ಹಚ್ಚಿ, ಹೊಸ ಪಂಚೆ ಸುತ್ತಿ, ಕುಂಡ್ರಿಸಿ ಮಣ್ಣು ಕೊಟ್ಟೆ. ನಮ್ಮನಿಯೋರಿಗೆ ಮಾಡಿದಂಗೇ ಮಾಡಿದೆ. ಜಾಗ ಮಾತ್ರ ಕೇಳಬ್ಯಾಡ್ರಿ."

ಚಿಕ್ಕಪ್ಪ ಎಲ್ಲಿ ಎಂದು ಕೇಳಿದೆ. ಜಗಳವಾಡಿ ಕಾಡಿನ ದಾರಿ ಹಿಡಿದು ಹೋದ, ಆಮೇಲೆ ತನಗೂ ಗೊತ್ತಿಲ್ಲ ಎಂದ. ನಾನು ಇದನ್ನು ಇನ್‌ಸ್ಪೆಕ್ಟರಿಗೆ ಹೇಳಲಿಲ್ಲ. ಆರೋಪಿಯ ಮಾತು ನಿಜವೋ ಸುಳ್ಳೋ ತೂಗುವುದು ನನ್ನ ಕೆಲಸವಲ್ಲ, ಕೂದಲು ಹೇಳುವುದನ್ನು ಬರೆಯುವುದು ನನ್ನ ಕೆಲಸ ಎಂದುಕೊಂಡೆ. ಅದು ಸರಿಯೋ ತಪ್ಪೋ, ಇವತ್ತಿಗೂ ಖಚಿತವಿಲ್ಲ.

ಮರುದಿನ ಪೊಲೀಸ್ ವ್ಯಾನಿನಲ್ಲಿ ಆನವಟ್ಟಿ ದಾಟಿ ಆ ಹಳ್ಳಿಗೆ ಹೋದೆವು. ಹಗಲು ಹನ್ನೊಂದು ಗಂಟೆಗೇ ಬೀದಿಯಲ್ಲಿ ಜನವಿಲ್ಲ. ಸೌದೆಗೆ ಕಾಡಿಗೆ ಹೋಗುವುದನ್ನು ಬಿಟ್ಟಿದ್ದರಿಂದ ಎಷ್ಟೋ ಮನೆಗಳಲ್ಲಿ ಒಲೆಯ ಹೊಗೆ ಕೂಡ ಏಳುತ್ತಿರಲಿಲ್ಲ. ಚನ್ನಬಸಪ್ಪನ ಹೆಂಡತಿ ಗೌರಮ್ಮ ಸಿದ್ದಪ್ಪನ ಹಳೆಯ ರುಮಾಲನ್ನು ತಂದು ಜಗಲಿಯ ಮೇಲಿಟ್ಟು ದೂರ ನಿಂತಳು.

"ನಮ್ಮನಿಯೋರು ಮಾತಾಡಿದ್ರಾ?"

"ಮಾತಾಡಿದರಮ್ಮ."

"ಏನಂದ್ರು?"

ಜಗಲಿಯ ಆಚೆ ಪಕ್ಕದ ಮನೆಯವರು ಕಿಟಕಿಗೆ ಬಂದಿದ್ದರು. "ಊಟ ಸರಿಯಾಗಿದೆ ಅಂದರು" ಎಂದೆ. ಅವಳು ತಲೆಯಾಡಿಸಿದಳು. ನಾನು ಏನು ಮುಚ್ಚಿದೆನೆಂದು ಅವಳಿಗೆ ತಿಳಿಯಿತು, ಅವಳಿಗೆ ತಿಳಿಯಿತೆಂದು ನನಗೂ ತಿಳಿಯಿತು.

ರುಮಾಲಿನ ಮಡಿಕೆಗಳಲ್ಲಿ ಇಪ್ಪತ್ತಮೂರು ಕೂದಲು ಸಿಕ್ಕವು. ಎಲ್ಲದರ ತುದಿಯೂ ಕತ್ತರಿಸಿದ್ದೇ.

ಉಳಿದದ್ದು ಮುಸುವ. ಕಾಡಿನ ಅಂಚಿನಲ್ಲಿ ಜ್ವರದ ತಪಾಸಣೆಗೆ ಬಂದಿದ್ದ ವೈದ್ಯರ ಡೇರೆ ಇತ್ತು. ಅಲ್ಲಿದ್ದ ತರುಣ ಡಾಕ್ಟರು, ಆ ಬೆಳಿಗ್ಗೆ ಬಿದ್ದ ಮುಸುವವೊಂದು ಅರ್ಧ ಮೈಲಿ ಒಳಗಿದೆ ಎಂದರು. ರಬ್ಬರ್ ಕೈಗವಸು ಕೊಟ್ಟರು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಲು ಹೇಳಿದರು, ಮೈಗೆ ಘಾಟು ವಾಸನೆಯ ಎಣ್ಣೆ ಬಳಿದರು. ಪೇದೆ ವ್ಯಾನಿನಿಂದ ಇಳಿಯಲೇ ಇಲ್ಲ. "ನನಗೆ ಮೂರು ಮಕ್ಕಳವೆ ಸ್ವಾಮಿ. ಬೇಕಾದ್ರೆ ಮೆಮೋ ಕೊಡ್ಸಿ" ಎಂದ. ನಾನು ಅವನನ್ನು ದೂರಲಿಲ್ಲ.

ತರಗೆಲೆಯ ಮೇಲೆ ಒಂದೊಂದು ಹೆಜ್ಜೆಗೂ ಕಾಲು ನೋಡಿಕೊಳ್ಳುತ್ತಿದ್ದೆ. ಕಾಡು ಅಷ್ಟು ಮೌನವಾಗಿರುವುದನ್ನು ನಾನು ಕೇಳಿರಲಿಲ್ಲ. ಮುಸುವ ಒಂದು ಮತ್ತಿ ಮರದ ಬುಡದಲ್ಲಿ ಒರಗಿ ಕೂತಂತೆ ಸತ್ತಿತ್ತು, ಕೈಗಳು ತೊಡೆಯ ಮೇಲೆ. ಕಿವಿಯ ಸುತ್ತ ಉಣುಗು ಮೆತ್ತಿಕೊಂಡಿದ್ದವು.

"ಬೇಗ" ಎಂದರು ಡಾಕ್ಟರು. "ಮೈ ತಣ್ಣಗಾದ ಮೇಲೆ ಅವು ಇಳಿದು ಬೇರೆ ಬಿಸಿ ಮೈ ಹುಡುಕ್ತವೆ. ಇಲ್ಲಿ ಬಿಸಿ ಮೈ ಅಂದ್ರೆ ನಾವಿಬ್ಬರೇ."

ಚಿಮಟದಿಂದ ತಲೆ, ಬೆನ್ನು, ಭುಜದ ಕೂದಲು ಕಿತ್ತು ಮೂರು ಶೀಸೆಗೆ ಹಾಕಿದೆ. ಒಂದು ಶೀಸೆಯ ಬಿರಡೆ ಎರಡು ಸಲ ಬಿತ್ತು. ಎರಡು ಸಲವೂ ಆ ಎಲೆಗಳ ನಡುವೆ ಬಗ್ಗಿ ಹುಡುಕಬೇಕಾಯಿತು.

ಜ್ವರ ತಗುಲಿದ್ದರೆ ಸುಮಾರು ಎಂಟು ದಿನದೊಳಗೆ ಕಾಣುತ್ತದೆ ಎಂದು ಡಾಕ್ಟರು ಹೇಳಿದ್ದರು. ಬೆಂಗಳೂರಿಗೆ ಬಂದವನು ದಿನ ಎಣಿಸುತ್ತಾ ಕೆಲಸ ಮಾಡಿದೆ. ನಾಲ್ಕನೇ ದಿನ ತಲೆನೋವು ಬಂತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹಣೆ ಮುಟ್ಟಿಕೊಳ್ಳುತ್ತಿದ್ದೆ. ನನ್ನ ಕೋಣೆಯ ಜೊತೆಗಾರನಿಗೆ ಏನೂ ಹೇಳದೆ ನನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡೆ. ಎಂಟು ಕಳೆಯಿತು. ಒಂಬತ್ತನೆಯ ದಿನ ಎರಡು ಪ್ಲೇಟು ಇಡ್ಲಿ ತಿಂದೆ.

ಅಷ್ಟರಲ್ಲಿ ಕೂದಲಿನ ಮಾತು ಸ್ಪಷ್ಟವಾಗಿತ್ತು. ಹೊರಪದರದಲ್ಲಿ ಹೆಂಚಿನಂತೆ ಕೂತ ಹುರುಪೆಗಳ ಜೋಡಣೆ, ಬಣ್ಣದ ಕಣಗಳು ಹರಡಿದ ರೀತಿ, ಮೆಡುಲ್ಲಾ, ತುದಿ, ಎಲ್ಲದರಲ್ಲೂ ಕತ್ತಿಯ ಕೂದಲು ಮುಸುವನ ಭುಜದ ಕೂದಲಿಗೆ ಹೊಂದಿತು. ರುಮಾಲಿನದಕ್ಕೆ ಹೊಂದಲಿಲ್ಲ. ಮುಖ್ಯಸ್ಥರ ಮುಂದೆ ನಿಂತು ಜೈಲಿನ ಮಾತನ್ನು ಮೊದಲ ಸಲ ಹೇಳಿದೆ. ಕೊನೆಗೆ ಕೇಳಿದೆ:

"ಸಾರ್, ಮನುಷ್ಯನದಲ್ಲ, ಪ್ರಾಣಿಯದು ಅಂತಷ್ಟೇ ಬರೆದರೆ ಸಾಲದೇ? ಯಾವ ಪ್ರಾಣಿ ಅಂತ ಯಾಕೆ ಬೇಕು?"

ಅವರು ಕನ್ನಡಕ ತೆಗೆದರು. "ಕಲ್ಕತ್ತಾದಲ್ಲಿ ಮಾಡೋ ರಕ್ತಪರೀಕ್ಷೆಗೆ ಒಂದು ದೌರ್ಬಲ್ಯ ಇದೆ. ಮನುಷ್ಯರ ರಕ್ತ ಗುರುತಿಸೋ ಸೀರಮ್ಮಿಗೆ ಕೋತಿ ರಕ್ತವೂ ಸ್ಪಂದಿಸುತ್ತೆ. ನಾಳೆ ಅಲ್ಲಿಂದ ಮನುಷ್ಯರಕ್ತ ಅಂತ ಉತ್ತರ ಬರಬಹುದು. ಆಗ ನೀವು ಬರೀ ಪ್ರಾಣಿ ಅಂತ ಬರೆದಿದ್ದನ್ನ ವಕೀಲರು ಕುರಿಯೋ ಮೇಕೆಯೋ ಅಂತ ತಳ್ಳಿಹಾಕ್ತಾರೆ. ಆ ರಕ್ತ ಯಾಕೆ ಹಾಗೆ ತೋರಿಸ್ತು ಅಂತ ವಿವರಿಸೋದು ಒಂದೇ ಪದ. ಅದನ್ನ ಬಿಟ್ಟರೆ ಅವನು ಸಾಯ್ತಾನೆ."

ಬರೆದೆ. ಮುಸುವ ಎಂದೇ ಬರೆದೆ. ಕೆಳಗೆ ಸಹಿ ಹಾಕುವಾಗ ಚನ್ನಬಸಪ್ಪನ ದನಿ ಕಿವಿಯಲ್ಲಿತ್ತು.

ಹೇಳಿದಂತೆಯೇ ಆಯಿತು. ಕಲ್ಕತ್ತಾದ ಉತ್ತರ ಮನುಷ್ಯರಕ್ತ ಎಂದೇ ಬಂತು. ಎರಡು ವರದಿಗಳ ಜಗಳ ಬಿಡಿಸಲು ಮ್ಯಾಜಿಸ್ಟ್ರೇಟರು ನನ್ನನ್ನು ಶಿಕಾರಿಪುರಕ್ಕೆ ಕರೆಸಿದರು. ನಾನು ಹೋಗುವ ಒಂದು ವಾರ ಮೊದಲೇ ಕಾಡಿನಲ್ಲಿ ಸಿದ್ದಪ್ಪನ ಅಸ್ಥಿಪಂಜರ ಸಿಕ್ಕಿತ್ತು, ಪಕ್ಕದಲ್ಲಿ ಅವನ ಕೋಲು ಮತ್ತು ಹೊಗೆಸೊಪ್ಪಿನ ಡಬ್ಬಿ. ಎಲುಬಿನ ಮೇಲೆ ಕಡಿದ ಗುರುತು ಒಂದೂ ಇರಲಿಲ್ಲ. ಜ್ವರದಿಂದ ಬಿದ್ದಿರಬೇಕು ಎಂದು ಸರ್ಕಾರಿ ವೈದ್ಯರ ಅಭಿಪ್ರಾಯ. ಆದರೂ ಕತ್ತಿಯ ರಕ್ತಕ್ಕೆ ಉತ್ತರ ಬೇಕಿತ್ತು. ಮಾಂಸದಲ್ಲೇ ನಿಂತ ಏಟು ಎಲುಬಿನಲ್ಲಿ ಗುರುತು ಬಿಡುವುದಿಲ್ಲ.

ನ್ಯಾಯಾಲಯದ ಹಿಂದಿನ ಬೆಂಚುಗಳಲ್ಲಿ ಊರಿನವರು ತುಂಬಿದ್ದರು. ಮ್ಯಾಜಿಸ್ಟ್ರೇಟರು ಕೇಳಿದರು, "ಹಾಗಾದರೆ ಈ ಕೂದಲು ಯಾವುದರದು?"

ಚನ್ನಬಸಪ್ಪ ಕಟಕಟೆಯಿಂದ ನನ್ನನ್ನೇ ನೋಡುತ್ತಿದ್ದ.

"ಮುಸುವನದು, ಸ್ವಾಮಿ. ರಕ್ತವೂ ಅದರದೇ ಇರಬೇಕು."

ಒಬ್ಬ ಹಿರಿಯ ಎದ್ದು, ಹೆಗಲ ಮೇಲಿನ ಟವೆಲ್ ಕೊಡವಿ ಹೊರಗೆ ಹೋದ. ಆಮೇಲೆ ಇನ್ನಿಬ್ಬರು. ಆಮೇಲೆ ಬೆಂಚುಗಳೇ ಖಾಲಿಯಾದವು. ಗೌರಮ್ಮ ಒಬ್ಬಳೇ ಉಳಿದಳು.

ಅವನನ್ನು ಅವತ್ತೇ ಬಿಟ್ಟರು. ಅಂಗಳದಲ್ಲಿ ಇಬ್ಬರೂ ನನ್ನೆದುರು ನಿಂತರು. ಸಿಟ್ಟಾಗುತ್ತಾರೆಂದು ಕಾದೆ. ಗೌರಮ್ಮನೇ ಮಾತಾಡಿದಳು.

"ನಿಮ್ಮನ್ನ ಬೈಯಲ್ಲ ಸ್ವಾಮಿ. ಜೀವ ಉಳ್ಸಿದ್ರಿ. ಇವತ್ತಿಂದ ನಮ್ಮ ಮನಿ ನೀರು ಯಾರೂ ಮುಟ್ಟಲ್ಲ. ದನಕ್ಕೆ ಮೇಯೋ ಜಾಗ ಇಲ್ಲ. ಇವ್ರನ್ನ ಕರ್ಕೊಂಡು ಯಾವ ದಾರಿಲಿ ಮನಿಗೆ ಹೋಗ್ಲಿ, ಅದೊಂದು ಹೇಳ್ರಿ."

ಜ್ವರ ಉಣುಗಿನಿಂದ ಬರುತ್ತದೆ, ಶಾಪದಿಂದಲ್ಲ ಎಂದು ಹೇಳಿದೆ. ಅವಳು ಕೇಳಿದ್ದು ಅದಲ್ಲ ಎಂದು ಹೇಳುವಾಗಲೇ ಗೊತ್ತಿತ್ತು. ಇನ್‌ಸ್ಪೆಕ್ಟರ್ ರಂಗನಾಥಯ್ಯ ಬಂದು ನನ್ನ ಪಕ್ಕ ನಿಂತರು. "ವ್ಯಾನು ಹತ್ತಿ. ನಾನೂ ಬರ್ತೀನಿ, ಡಾಕ್ಟರನ್ನೂ ಕರ್ಕೊಂಡು ಊರೊಳಗೆ ಇಳಿಯೋಣ" ಎಂದರು. ನನ್ನ ಕಡೆ ತಿರುಗಿ, "ನೀವು?" ಎಂದರು.

ಶಿವಮೊಗ್ಗದ ಬಸ್ಸಿಗೆ ಇನ್ನು ಅರ್ಧ ಗಂಟೆ ಇತ್ತು. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಂಡೆ. ನಾನೂ ವ್ಯಾನು ಹತ್ತಿದೆ. ನಾವು ಆಡಿದ ಮಾತನ್ನು ಅವತ್ತು ಊರು ಕೇಳಲಿಲ್ಲ. ಯಾರೂ ಜಗಲಿಯಿಂದ ಇಳಿಯಲಿಲ್ಲ. ವರ್ಷದೊಳಗೆ ಅವರು ಜಮೀನನ್ನು ಗೇಣಿಗೆ ಬಿಟ್ಟು ಬಂದಳಿಕೆಯ ಕಡೆ ನೆಂಟರ ಊರಿಗೆ ಹೋದರೆಂದು ಇನ್‌ಸ್ಪೆಕ್ಟರು ಕಾಗದ ಬರೆದಿದ್ದರು. ಚನ್ನಬಸಪ್ಪ ಬದುಕಿದ್ದ, ಉಳುತ್ತಿದ್ದ. ಅಷ್ಟು ಮಟ್ಟಿಗೆ ವರದಿ ತನ್ನ ಕೆಲಸ ಮಾಡಿತ್ತು.

ಆಮೇಲೆ ಸೇವೆಯಲ್ಲಿದ್ದಷ್ಟು ಕಾಲವೂ ನೂರಾರು ವರದಿ ಬರೆದೆ. ನಿಜವನ್ನು ಬರೆಯಲು ಎಂದೂ ಹಿಂಜರಿಯಲಿಲ್ಲ. ಆದರೆ ಬರೆದು, ಅರಗು ಒತ್ತಿ, ಕೈ ತೊಳೆದುಕೊಂಡು ಮನೆಗೆ ಹೋಗುವ ಅಭ್ಯಾಸ ಶಿಕಾರಿಪುರದ ಆ ಅಂಗಳದಲ್ಲಿ ಬಿಟ್ಟುಹೋಯಿತು. ಯಾರ ಹೆಸರು ನನ್ನ ವರದಿಯಲ್ಲಿದೆಯೋ ಅವನು ಅದನ್ನು ಹೊತ್ತುಕೊಂಡು ಯಾವ ಊರಿಗೆ ವಾಪಸು ಹೋಗಬೇಕು ಎಂದು ಒಮ್ಮೆ ಕೇಳಿಕೊಂಡೇ ಸಹಿ ಹಾಕುತ್ತಿದ್ದೆ.