ಬಾಗಿಲ ಹಿಂದಿನ ತಾರೀಖು

ಆಗ ನಾನು ಶ್ರೀನಿವಾಸಪುರದ ಕಡೆಯ ಆರೋಗ್ಯ ಕೇಂದ್ರವೊಂದರಲ್ಲಿ ಹಿರಿಯ ಆರೋಗ್ಯ ನಿರೀಕ್ಷಕ. ನಿವೃತ್ತಿಗೆ ಎರಡು ವರ್ಷವಿತ್ತು. ಆ ಹೊತ್ತಿಗೆ ನಾಲ್ಕು ವರ್ಷ ಹಿಂದೆ ಉಪಕೇಂದ್ರಗಳ ಮರುವಿಂಗಡಣೆ ನನ್ನ ಪಾಲಿಗೆ ಬಂದಿತ್ತು. ಉಪಕೇಂದ್ರವೆಂದರೆ ಒಬ್ಬ ನರ್ಸಮ್ಮ ನೋಡಿಕೊಳ್ಳುವ ನಾಲ್ಕಾರು ಹಳ್ಳಿ. ಬಿಸಿಲಲ್ಲಿ ಸುತ್ತುವುದೇಕೆಂದು ನಕ್ಷೆ ಹರಡಿಕೊಂಡು ಕೂತೆ. ಕೆರೆ ಕಾಲುವೆ ಕಂಡಿತು. ಅದನ್ನೇ ಗಡಿ ಮಾಡಿ ಕೆಂಪು ಪೆನ್ಸಿಲಿನ ಗೆರೆ ಎಳೆದೆ. ಸಾಹೇಬರು ಭೇಷ್ ಅಂದರು.

ಒಂದು ಬೆಳಿಗ್ಗೆ ಕೋಲಾರದ ಆಸ್ಪತ್ರೆಯೊಂದರಿಂದ ಫೋನು. ನಮ್ಮ ಕಡೆಯ ಮೂರು ವರ್ಷದ ಹೆಣ್ಣುಮಗು, ಗಂಟಲುಮಾರಿ, ಉಸಿರು ಕಟ್ಟುತ್ತಿದೆ. ಒಂದು ಲಸಿಕೆಯೂ ಬಿದ್ದಿಲ್ಲ. ಮನೆ, ಕಾಲುವೆಯಾಚೆ ಹಿಪ್ಪುನೇರಳೆ ತೋಟಗಳ ನಡುವಿನ ಹನ್ನೊಂದು ಮನೆಗಳಲ್ಲೊಂದು.

ಇಬ್ಬರು ನರ್ಸಮ್ಮಂದಿರನ್ನೂ ಕರೆಸಿದೆ.

“ಕಾಲುವೆ ಆಚೆ ನಂದಲ್ಲ ಸಾರ್. ಗೆರೆ ಎಳ್ದಿದ್ದು ನೀವೇ ಅಲ್ವಾ?” ಅಂದಳು ಈಚೆಯವಳು.

“ಅವು ಇವಳ ಊರಿನ ಮನೆಗಳು ಸಾರ್. ನನ್ನ ಪಟ್ಟಿಗೆ ನೀವು ಸೇರಿಸ್ಲೇ ಇಲ್ವಲ್ಲ” ಅಂದಳು ಆಚೆಯವಳು.

ಇಬ್ಬರದೂ ನಿಜ. ಲಸಿಕೆ ಡಬ್ಬಿ ಹಿಡಿದು ಹೊರಟೆವು.

ತಾಯಿ ಮಗುವಿನ ಜೊತೆ ಕೋಲಾರದಲ್ಲಿದ್ದಳು. ಜಗುಲಿಯಲ್ಲಿ ಅಜ್ಜಿ. “ಎವುರಪ್ಪಾ?” ಯಾರಪ್ಪಾ ಎಂದು ತೆಲುಗಿನಲ್ಲಿ ಗದರಿದವಳು ಹತ್ತಿರ ಬಂದು ಮುಖ ನೋಡಿದಳು.

“ನೀನು ಜ್ವರ ಬಂದೋರಿಗೆ ಬೆರಳು ಚುಚ್ಚಿ ರಕ್ತ ತಗೊಳ್ತಿದ್ದೋನಲ್ವೇನೋ? ಅವಾಗ ತಲೆ ತುಂಬ ಕೂದ್ಲಿತ್ತು. ಸತ್ತೋದೆ ಅನ್ಕೊಂಡಿದ್ದೆ ಕಣೋ.”

ಹೌದು, ನಾನೇ. ನೌಕರಿ ಸೇರಿದ ಹೊಸತರಲ್ಲಿ ಮಲೇರಿಯಾ ಪರೀಕ್ಷೆಗೆ ಹದಿನೈದು ದಿನಕ್ಕೊಮ್ಮೆ ಆ ಮನೆಗೆ ಹೋಗುತ್ತಿದ್ದೆ. ಬಂದುಹೋದ ಗುರುತಿಗೆ ಬಾಗಿಲ ಹಿಂದಿನ ಗೋಡೆಯಲ್ಲಿ ತಾರೀಖು ಬರೆಯುವುದು ನಮ್ಮ ಪದ್ಧತಿ. ಸರ್ಕಾರದ ಬರಹವೆಂದು ಅಜ್ಜಿ ಅಷ್ಟು ಜಾಗಕ್ಕೆ ಸುಣ್ಣವನ್ನೇ ಬಳಿಸಿರಲಿಲ್ಲ. ಬಾಗಿಲು ಸರಿಸಿ ನೋಡಿದೆ. ಮೇಲೆ ನನ್ನ ಕೈಬರಹ, ಕೆಳಗೆ ನನ್ನ ನಂತರ ಬಂದವರದು. ಕೊನೆಯ ತಾರೀಖು, ನಾನು ಗೆರೆ ಎಳೆದದ್ದಕ್ಕೆ ಹಿಂದಿನ ತಿಂಗಳದು. ಆಮೇಲೆ ಖಾಲಿ ಗೋಡೆ.

ಉಳಿದ ಮಕ್ಕಳಿಗೆಲ್ಲ ಅಂದೇ ಲಸಿಕೆ ಹಾಕಿಸಿದೆವು. ಮೂರನೆಯ ದಿನ ಕೋಲಾರದಲ್ಲಿದ್ದ ಆ ಮಗು ತೀರಿಕೊಂಡಿತು.

ತಿಂಗಳ ಮೇಲೆ ಎರಡನೆಯ ಡೋಸಿಗೆ ಹೋದಾಗ ಅಜ್ಜಿ ಒಲೆಯಿಂದ ಇದ್ದಿಲ ಚೂರು ತಂದು ನನ್ನ ಕೈಗಿಟ್ಟಳು.

“ಬರಿ. ಬರೋ ತಿಂಗಳೂ ಬಂದು ಬರೀಬೇಕು. ಮಗು ಹೋಯ್ತು, ಗೋಡೆ ಇದೆ.”

ಬರೆದೆ. ಒಳಗಿನಿಂದ ತಾಯಿ ನೋಡುತ್ತಿದ್ದಳು.

ಕಾಗದದಲ್ಲಿ ಗೆರೆ ಎಳೆಯುವ ಮುಂಚೆ ಆ ಗೆರೆಯ ಉದ್ದಕ್ಕೂ ಕಾಲಲ್ಲಿ ನಡೆದು ಬನ್ನಿ ಎಂದು ಹೊಸದಾಗಿ ಸೇರಿದವರಿಗೆ ಹೇಳುತ್ತಿದ್ದೆ. ನಿವೃತ್ತಿಯಾಗುವವರೆಗೂ ಪ್ರತಿ ತಿಂಗಳು ಆ ಗೋಡೆಯಲ್ಲಿ ತಾರೀಖು ಬರೆದೆ. ಗೆರೆ ಎಳೆದವನು ನಾನೇ ಎಂದು ಅಜ್ಜಿಗೆ ಹೇಳಲು ಮಾತ್ರ ಒಂದು ತಿಂಗಳೂ ಬಾಯಿ ಬರಲಿಲ್ಲ.