ಜಲಜಕ್ಕ ಎಣಿಸಿದ ನನ್ನ ಹಲ್ಲು

ಮಲ್ಪೆಯಲ್ಲಿ ಮೀನು ಮಾರುವ ಜಲಜಕ್ಕನ ಬೊಚ್ಚುಬಾಯಿಯ ನಗುವನ್ನು ಅವರ ಬುಟ್ಟಿಯೆದುರೇ ಮಿಮಿಕ್ರಿ ಮಾಡುತ್ತಿದ್ದೆ. ಅವರು ಎದ್ದು ಬಂದು, ಬಂಗುಡೆ ಮೀನಿನ ಕಿವಿರು ಬಿಡಿಸಿ ನೋಡುವ ಹಾಗೆ ನನ್ನ ತುಟಿ ಎತ್ತಿ ಹಲ್ಲು ಎಣಿಸಿದರು.

“ನಾಲ್ಕು ಕಮ್ಮಿ ಉಂಟಲ್ಲ ಮಾರಾಯ?”

“ಹೈಸ್ಕೂಲಿನಲ್ಲಿ ಕ್ಲಿಪ್ ಹಾಕುವಾಗ ತೆಗೆಸಿದ್ದು ಅಕ್ಕ. ಉಳಿದವು ಸಾಲಾಗಿ ನಿಲ್ಲಲಿಕ್ಕೆ ಜಾಗ ಬೇಕಿತ್ತು.”

“ನನ್ನವು ತಾವಾಗಿ ಹೋದವು. ನೀನು ಬೇಕೂಂತಲೇ ಕಳಿಸಿದ್ದಾ? ಸಾಲೇನೋ ಚಂದ ಉಂಟು. ಆದರೆ ನಗುವಾಗ ತುಟಿ ಈಗಲೇ ನನ್ನ ಹಾಗೆ ಒಳಗೆ ಹೋಗ್ತದೆ. ಭಾನುವಾರ ಕಾರ್ಕಳಕ್ಕೆ ಹುಡುಗಿ ನೋಡಲು ಹೋಗುವವ ನೀನೇ ಅಲ್ವಾ?”

ಕಾರ್ಕಳದಲ್ಲಿ ನಾನು ಒಮ್ಮೆಯೂ ನಗಲಿಲ್ಲ. ‘ಹುಡುಗ ಬಹಳ ಗಂಭೀರ’ ಎಂದು ಹುಡುಗಿಯ ಮನೆಯವರು ಒಪ್ಪಿಬಿಟ್ಟರು. ಈಗ ಮದುವೆಯವರೆಗೂ ಆ ಗಂಭೀರ ಹುಡುಗನದೇ ಮಿಮಿಕ್ರಿ ಮಾಡಬೇಕಾಗಿದೆ.