ಕಲ್ಯಾಣಿಗೆ ಇಳಿಯದ ಈಜುಗಾರ

ಅವನ ಎಡಗಿವಿಯಿಂದ ಸದಾ ಕೀವು ಸೋರುತ್ತಿತ್ತು. ಅದಕ್ಕೊಂದು ಹತ್ತಿಯ ಉಂಡೆ ತುರುಕಿಕೊಂಡು, ಯಾರಾದರೂ ಮಾತಾಡಿಸಿದರೆ ತಲೆ ವಾಲಿಸಿ ಬಲಗಿವಿ ಕೊಡುತ್ತಿದ್ದ. ಅಂಗೈ, ಅಂಗಾಲುಗಳ ಚರ್ಮ ಬೇಸಿಗೆಯಲ್ಲೂ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಕಣ್ಣು ಕೆಂಡ. ಹೊಸಬರು ನೋಡಿದರೆ ಕುಡುಕನೆಂದುಕೊಳ್ಳಬೇಕು. ಅವನೋ ಹೆಂಡದಂಗಡಿಯ ಹತ್ತಿರ ಸುಳಿದವನಲ್ಲ. ಅದೆಲ್ಲ ಕೆರೆಯಲ್ಲಿ ಮುಳುಗಿ ಮುಳುಗಿ ಆದದ್ದು.

ಮದಲೂರು ಕೆರೆಯ ನೀರುಗಂಟಿ ಅವನು. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಯಾರ ಪಾಲು ಎಷ್ಟು ಹೊತ್ತು ಎಂದು ನೋಡಿಕೊಳ್ಳುವುದು, ಮತ್ತೆ ತೂಬು ಮುಚ್ಚುವುದು ಅವನ ಮನೆತನದ ಕೆಲಸ. ಊರಾಚೆಯ ಕೇರಿಯವನು. ನಾನು ಊರ ಪಟೇಲರ ಮಗ. ನನ್ನ ತಂದೆಗಿಂತ ವಯಸ್ಸಿನಲ್ಲಿ ದೊಡ್ಡವನನ್ನು ‘ಲೇ’ ಎಂದು ಕರೆದವನು. ಈಗ ‘ಅವರು’ ಎಂದು ಬರೆದು ದೊಡ್ಡ ಮನುಷ್ಯನಾಗುವ ಆಸೆ ನನಗಿಲ್ಲ. ಅಂದು ಹೇಗಿದ್ದೆನೋ ಹಾಗೆಯೇ ಬರೆಯುತ್ತೇನೆ.

ಹದಿನೈದು ವರ್ಷದವನಾಗಿದ್ದಾಗ ನನಗೆ ಎದೆ ಕಟ್ಟುವ ಕಾಯಿಲೆ. ಈಜಿದರೆ ಉಸಿರು ಪಳಗುತ್ತದೆ ಎಂದು ಶಿರಾದ ಹಕೀಮರೊಬ್ಬರು ಹೇಳಿದರು. ಅಪ್ಪ ನೀರುಗಂಟಿಯನ್ನು ಕರೆಸಿ ಅಂಗಳದಾಚೆ ನಿಲ್ಲಿಸಿ, “ಇವನಿಗೆ ಈಜು ಕಲಿಸ್ಲಾ. ನೀರೊಳಗೆ ಮುಟ್ಟಬೌದು, ದಡದ್ ಮೇಲೆ ಮುಟ್‌ಬ್ಯಾಡ” ಎಂದರು. ನಮ್ಮೂರಿನ ಶಾಸ್ತ್ರ ಅಷ್ಟು ಅನುಕೂಲದ್ದು. ನೀರಿನಲ್ಲಿ ಮೈಲಿಗೆ ಇಲ್ಲ, ನೀರಿನಿಂದ ಎದ್ದ ಕೂಡಲೇ ಇದೆ. ಎರಡು ಗಂಟೆ ಕೆರೆಯಲ್ಲಿ ನೆನೆದು ಮನೆಗೆ ಬಂದರೆ ಅಮ್ಮ ಹಿತ್ತಲಲ್ಲಿ ನಿಲ್ಲಿಸಿ ದೂರದಿಂದಲೇ ತಲೆಯ ಮೇಲೆ ಬಿಸಿನೀರು ಸುರಿಯುತ್ತಿದ್ದಳು. ಆ ಹಂಡೆಯ ನೀರೂ ಅದೇ ಕೆರೆಯದ್ದು. ನಮ್ಮ ಮನೆಯಲ್ಲಿ ಯಾರಿಗೂ ಅದರಲ್ಲಿ ನಗುವಂಥದ್ದು ಏನೂ ಕಂಡಿರಲಿಲ್ಲ.

ಅವನು ನನ್ನ ಹೊಟ್ಟೆಯ ಕೆಳಗೆ ಅಂಗೈ ಹಿಡಿದು ನೀರಿನ ಮೇಲೆ ಮಲಗಿಸುತ್ತಿದ್ದ. ನಾನು ಹೆದರಿ ಕೈಕಾಲು ಬಡಿದರೆ ಬೈಯುತ್ತಿರಲಿಲ್ಲ. “ನೀರಿನ್ ಕೂಡೆ ಯಾಕ್ ಜಗಳ ಚಿಕ್‌ಗೌಡ್ರೆ? ಅದೇನ್ ನಿಮ್ಮ ದಾಯಾದಿನಾ? ಸುಮ್ಕೆ ಮಲೀಕಳಿ, ಅದೇ ಹೊತ್ಕತದೆ” ಎನ್ನುತ್ತಿದ್ದ. ಎಂದೋ ಒಂದು ದಿನ ಅಂಗೈ ತೆಗೆದಿದ್ದನಂತೆ. ನನಗೆ ಗೊತ್ತಾಗಲಿಲ್ಲ. ಹತ್ತು ಮಾರು ಹೋದ ಮೇಲೆ ತಿರುಗಿ ನೋಡಿದರೆ ಅವನು ಹಿಂದೆ ಅಲ್ಲೇ ನಿಂತು ಎರಡೂ ಕೈ ಮೇಲೆತ್ತಿ ತೋರಿಸುತ್ತ ನಗುತ್ತಿದ್ದ.

ಆಮೇಲೆ ನಾನು ಬೆಂಗಳೂರು, ಮೈಸೂರುಗಳಲ್ಲಿ ಬಹಳ ಆಟಗಾರರನ್ನು ನೋಡಿದೆ. ಬಿಳಿ ಷರಾಯಿ ತೊಟ್ಟ ಟೆನಿಸಿನವರು, ಕುದುರೆ ಮೇಲಿನ ಪೋಲೋದವರು, ದಸರಾ ಕುಸ್ತಿಯ ಪೈಲ್ವಾನರು. ಎಲ್ಲರಿಗೂ ಚಪ್ಪಾಳೆ ಹೊಡೆದಿದ್ದೇನೆ. ಇವನಂಥವನನ್ನು ಇನ್ನೊಬ್ಬನನ್ನು ನೋಡಲಿಲ್ಲ. ತುಂಬಿದ ಕೆರೆಯಲ್ಲಿ ತೂಬಿನ ಕಂಬ ಹಿಡಿದು ತಳಕ್ಕೆ ಇಳಿದನೆಂದರೆ, ಏರಿಯ ಮೇಲೆ ಕೂತವರು ಎಲೆ ಅಡಿಕೆ ಹಾಕಿಕೊಂಡು, ಜಗಿದು, ಉಗಿದಾದ ಬಳಿಕ ಮೇಲೆ ಬರುತ್ತಿದ್ದ. ಬಂದವನು ಏದುಸಿರು ಬಿಡುತ್ತಿರಲಿಲ್ಲ. ಒಂದು ಸಲ ಸೀನಿ, “ಬುಟ್ಟೆ ಕಣ್ರಪ್ಪಾ ನೀರಾ” ಎನ್ನುತ್ತಿದ್ದ. ಅದಕ್ಕೆ ಚಪ್ಪಾಳೆ ಹೊಡೆಯಬೇಕೆಂದು ಯಾರಿಗೂ ತೋಚುತ್ತಿರಲಿಲ್ಲ. ರೈತರು ಸಲಿಕೆ ಹೆಗಲಿಗೇರಿಸಿ ತಮ್ಮ ತಮ್ಮ ಗದ್ದೆಗೆ ಹೋಗುತ್ತಿದ್ದರು.

ನನಗೆ ಇಪ್ಪತ್ತಾದ ವರ್ಷ ಮಹಾರಾಜರ ವರ್ಧಂತಿಗೆ ಶಿರಾದಲ್ಲಿ ಪಂದ್ಯಗಳು ಏರ್ಪಟ್ಟವು. ಸುತ್ತಲಿನ ನಾಲ್ಕು ತಾಲ್ಲೂಕುಗಳಿಂದ ಕುಸ್ತಿ, ಓಟ, ಗುಂಡು ಎತ್ತುವುದು, ಈಜು, ಈ ನಾಲ್ಕರಲ್ಲಿ ಎಲ್ಲರಿಗಿಂತ ಮೇಲಾದವರನ್ನು ಆರಿಸಿ ಸಭೆಯಲ್ಲಿ ಸನ್ಮಾನ ಮಾಡುವುದೆಂದು ಉತ್ಸವದ ಕಮಿಟಿಯವರು ಪಟೇಲರುಗಳಿಗೆ ಕಾಗದ ಬರೆದು ಹೆಸರು ಕೇಳಿದರು. ಅಪ್ಪ ಪಟ್ಟಿ ಬರೆಯಲು ನನಗೆ ಹೇಳಿದರು. ಈಜಿಗೆ ನಾನು ಮೊದಲು ಅವನ ಹೆಸರು, ಆಮೇಲೆ ನನ್ನ ಹೆಸರು ಬರೆದೆ. ಹೆಸರು, ಊರು, ಅಷ್ಟೆ. ಯಾವ ಕೇರಿ ಎಂದು ಕಮಿಟಿಯವರು ಕೇಳಿರಲಿಲ್ಲ, ನಾನು ಬರೆಯಲಿಲ್ಲ.

ಅವನು ಹೌಹಾರಿದ. “ಈಜು ಇರಾದು ದೇವ್ರ ಕಲ್ಯಾಣೀಲಂತೆ. ನನ್ನ ಬುಟ್ಟಾರಾ ಬುದ್ದಿ?”

“ಪಟ್ಟೀಲಿ ನಿನ್ನ ಹೆಸರೈತೆ ಕಣ್ಲಾ. ಕಮಿಟಿಯೋರು ಒಪ್ಪಿ ಬರ್ದ ಕಾಗದದಲ್ಲೂ ಐತೆ. ಯಾರು ತಡೀತಾರೆ?” ಎಂದೆ. ನಾಲ್ಕಕ್ಷರ ಓದಿದವನಿಗೆ ಇರುವ ಮೂರ್ಖತನ ಅದು. ಕಾಗದದಲ್ಲಿ ಹೆಸರಿದ್ದರೆ ಕಲ್ಯಾಣಿಯ ಮೆಟ್ಟಿಲು ಇಳಿಯಲು ಬಿಡುತ್ತಾರೆ ಎಂದು ನಾನು ನಂಬಿದ್ದೆ. ನನ್ನ ಮಾತನ್ನು ಅವನು ನಂಬಿದ.

ಪಂದ್ಯದ ದಿನ ಬೆಳಕು ಹರಿಯುವ ಮೊದಲೇ ನಡೆದು ಹೊರಟು ನನ್ನ ಗಾಡಿಗಿಂತ ಮುಂಚೆ ಶಿರಾ ಸೇರಿದ್ದ. ಒಗೆದ ಪಂಚೆ, ಕಿವಿಯಲ್ಲಿ ಹೊಸ ಹತ್ತಿ. ಅವನ ಮಗಳು ದಾರಿಗೆಂದು ಕಟ್ಟಿಕೊಟ್ಟ ರೊಟ್ಟಿಯ ಗಂಟು ಕೈಯಲ್ಲಿತ್ತು. ಕಲ್ಯಾಣಿಯ ಬಾಗಿಲಲ್ಲಿ ಹೆಸರು ಕೂಗಿದರು. ಅವನು ಮುಂದೆ ಬಂದ. ಅವನ ನಿಲುವು ನೋಡಿಯೇ ಕಮಿಟಿಯ ಯಜಮಾನರೊಬ್ಬರಿಗೆ ಅನುಮಾನ ಬಂತು. ಯಾರ ಪೈಕಿ ಎಂದು ಕೇಳಿದರು. ಅವನು ಸುಳ್ಳು ಹೇಳಲಿಲ್ಲ.

“ಇವನು ಇಳಿದರೆ ನಾಳೆ ಅಭಿಷೇಕಕ್ಕೆ ನೀರು ಎಲ್ಲಿಂದ ತರೋಣ? ಆಚೆ ನಡಿಯೋ” ಎಂದರು ಯಜಮಾನರು.

“ಹೋದೊರ್ಸ ಇದ್ರಾಗೇ ಹೆಣ ಬಿದ್ದಿತ್ತಲ್ಲ ಬುದ್ದಿ. ಎತ್ತಕ್ಕೆ ನನ್ನೇ ಹೇಳ್‌ಕಳ್ಸಿದ್ರಿ. ನಾನೇ ಇಳ್ದಿದ್ದೆ” ಎಂದ ಅವನು. ವಾದ ಮಾಡುವ ದನಿಯಲ್ಲ. ಅವರು ಮರೆತಿರಬಹುದು, ಜ್ಞಾಪಿಸೋಣ ಎನ್ನುವ ದನಿ.

“ಆಮೇಲೆ ಶುದ್ಧಿ ಮಾಡಿಸೋದಕ್ಕೆ ನಾವು ಪಟ್ಟ ಪಾಡು ನಮಗೆ ಗೊತ್ತು” ಎಂದರು ಅವರು.

ಗುಂಪು ನಕ್ಕಿತು. ನಗದೇ ಇದ್ದವನು ಪಾವಗಡದಿಂದ ಓಟಕ್ಕೆ ಬಂದಿದ್ದ ಕುರುಬರ ಹುಡುಗ. “ಇದೇಂ ನ್ಯಾಯಂ ಸಾಮಿ? ಪೇರು ಮೀರೇ ಪಿಲಿಚಿನಾರು ಕದಾ, ನೀವೇ ಹೆಸ್ರು ಕರ್ದಿದ್ದು!” ಎಂದು ತೆಲುಗು ಕನ್ನಡ ಬೆರೆಸಿ ಕೂಗಿದ. ಯಾರೋ ಅವನನ್ನು ಹಿಂದಕ್ಕೆಳೆದರು. ಪಟ್ಟಿ ಬರೆದ ನಾನು ಅಂಗಿ ಬಿಚ್ಚಿ ಮಡಿಸುತ್ತ ನಿಂತಿದ್ದೆ. ಬಹಳ ಹೊತ್ತು ಮಡಿಸಿದೆ.

ಪಂದ್ಯವೆಂದರೆ ಕಲ್ಯಾಣಿಯನ್ನು ನಾಲ್ಕು ಸಲ ದಾಟಿ, ತಳದಲ್ಲಿರಿಸಿದ ಹಿತ್ತಾಳೆ ತಂಬಿಗೆಯನ್ನು ಮೇಲೆ ತರುವುದು. ಮೂರನೆಯ ಸಲಕ್ಕೆ ನನ್ನ ಎದೆ ಕಟ್ಟತೊಡಗಿತು. ಹೊಳವನಹಳ್ಳಿಯವನೊಬ್ಬ ಮುಂದೆ ಹೋಗಿದ್ದ. ಆಗ ಗೋಡೆಯಾಚೆಯಿಂದ ನೀರುಗಂಟಿಯ ಕೂಗು ಕೇಳಿತು: “ಜಗಳ ಆಡ್‌ಬ್ಯಾಡಿ ಬುದ್ದೀ! ಉದ್ದಕ್ ಚಾಚಿ, ಉದ್ದಕ್ಕೆ!” ಹುಣಿಸೆಮರ ಹತ್ತಿ ನೋಡುತ್ತಿದ್ದನಂತೆ. ಮೈ ಸಡಿಲ ಬಿಟ್ಟೆ, ಕೈ ಉದ್ದಕ್ಕೆ ಚಾಚಿದೆ. ತಂಬಿಗೆ ನನಗೆ ಸಿಕ್ಕಿತು.

ಸಂಜೆ ಸಭೆಯಲ್ಲಿ ನಾಲ್ಕು ಕುರ್ಚಿ ಹಾಕಿ ನಮ್ಮನ್ನು ಕೂರಿಸಿದರು. ನಾಲ್ಕು ತಾಲ್ಲೂಕಿನ ನಾಲ್ಕು ರತ್ನಗಳು ಎಂದು ಭಾಷಣವಾಯಿತು. ಕುಸ್ತಿ ಗೆದ್ದ ಶಿರಾದ ಪೈಲ್ವಾನನಿಗೆ ಹಾರ ಹಾಕಲು ಬಂದರೆ, “ಠಹರೋ ಸಾಬ್, ಪೈಲೇ ಉಸ್ತಾದ್” ಎಂದು ಎದ್ದುಹೋಗಿ ಜನರ ನಡುವೆ ಕೂತಿದ್ದ ತನ್ನ ಗುರುವಿನ ಕಾಲು ಮುಟ್ಟಿ ಬಂದ. ಗರಡಿಯಲ್ಲಿ ಅದೇ ಪದ್ಧತಿ. ಸಭೆಯ ಅಧ್ಯಕ್ಷರಾಗಿದ್ದ ತಾಲ್ಲೂಕಿನ ಅಮಲ್ದಾರರಿಗೆ ಅದು ಬಹಳ ಹಿಡಿಸಿತು. ಉಳಿದವರನ್ನೂ ಕಲಿಸಿದವರು ಯಾರೆಂದು ಕೇಳುತ್ತ ಬಂದರು. ಗುಂಡು ಎತ್ತಿದವನು ಸೋದರಮಾವನ ಹೆಸರು ಹೇಳಿದ. ಓಟ ಗೆದ್ದ ಕುರುಬರ ಹುಡುಗ, “ಮಾ ನಾಯನ, ನಮ್ಮಪ್ಪ. ಆಮೇಲೆ ಮಾ ಮೇಕಲು, ನಮ್ಮ ಮೇಕೆಗಳು” ಎಂದು ಎಲ್ಲರನ್ನೂ ನಗಿಸಿದ. ಕೊನೆಗೆ ನನ್ನ ಸರದಿ.

ಮುಂದಿನ ಸಾಲಿನಲ್ಲಿ ನನಗೆ ಹೆಣ್ಣು ಕೊಡಲಿದ್ದ ಮನೆಯ ಹಿರಿಯರು ಕೂತಿದ್ದರು. ಸಭೆಯ ಹಿಂದೆ, ಚಪ್ಪರದ ಕಂಬದಾಚೆ, ಅವನು ನಿಂತಿದ್ದ. ತಲೆ ವಾಲಿಸಿದ್ದ. ಅಷ್ಟು ದೂರದಿಂದಲೂ ಅದು ನನಗೆ ಕಾಣುತ್ತಿತ್ತು.

“ಯಾರೂ ಕಲಿಸಲಿಲ್ಲ ಸ್ವಾಮಿ. ನಾನೇ ಕಲಿತೆ” ಎಂದೆ.

ಚಪ್ಪಾಳೆ ಜೋರಾಗಿಯೇ ಬಿತ್ತು.

ಊರಿಗೆ ವಾಪಸ್ಸು ಬರುವಾಗ ಅವನು ಗಾಡಿಯ ಹಿಂದೆ ನಡೆದು ಬಂದ. ಅರ್ಧ ದಾರಿಯಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಲ್ಲಿಸಿದಾಗ ತಡೆಯಲಾರದೆ ಕೇಳಿದೆ, “ಸಭೇಲಿ ನಾನ್ ಹೇಳಿದ್ದು ಕೇಳಿಸ್ತೇನ್ಲಾ?” ಇಲ್ಲ ಎನ್ನಲಿ ಎಂದು ಬೇಡಿಕೊಂಡೆ.

“ಎಡಗಿವಿ ಸತ್ತೈತೆ ಬುದ್ದಿ. ಬಲಗಿವಿ ಇನ್ನೂ ಸತ್ತಿಲ್ಲ” ಎಂದ. ಆಮೇಲೆ ರೊಟ್ಟಿಯ ಗಂಟು ಬಿಚ್ಚಿ, ದೂರ ಹೋಗಿ ಕೂತು ತಿಂದ.

ಅಂದಿನಿಂದ ನಾನು ಮದಲೂರಿನ ಈಜುಗಾರ. ಮದುವೆಯಾಯಿತು, ಅಪ್ಪನ ನಂತರ ಪಟೇಲಿಕೆಯೂ ಬಂತು. ಅವನು ಎಂದಿನಂತೆ ತೂಬು ಎತ್ತುತ್ತಿದ್ದ, ಎದುರು ಸಿಕ್ಕರೆ ಕೈಮುಗಿಯುತ್ತಿದ್ದ. ಆ ಕೈಮುಗಿಯುವುದು ನನಗೆ ಬೈಗುಳದ ಹಾಗೆ ತಗಲುತ್ತಿತ್ತು. ಅವನು ಬೈದಿದ್ದರೆ ನಾನೂ ಬೈದು ಹಗುರಾಗಬಹುದಿತ್ತು.

ಹಲವು ವರ್ಷಗಳ ಮೇಲೆ ಒಂದು ಸಲ ಕೆರೆ ತುಂಬಿದ್ದರೂ ತೂಬಿನ ಬಾಯಿಗೆ ಮರದ ಬೊಡ್ಡೆಯೊಂದು ಸಿಕ್ಕಿ ನೀರು ಹೊರಡದಾಯಿತು. ಬತ್ತ ಹೊಡೆ ಬಿಚ್ಚಿ ತೆನೆ ಬರುವ ಸಮಯ, ನಾಲ್ಕು ದಿನ ತಡವಾದರೆ ಎಲ್ಲ ಜಳ್ಳು. ಅವನಿಗೆ ಅರವತ್ತು ದಾಟಿತ್ತು. “ಮುದುಕನ್ನ ಯಾಕೆ ಇಳಿಸೋದು, ನಮ್ಮ ಪಟೇಲರೇ ಇದ್ದಾರಲ್ಲ, ಶಿರಾದಲ್ಲಿ ಪಂದ್ಯ ಗೆದ್ದವರು” ಎಂದರು ಊರವರು. ನಾನು ಇಳಿದೆ. ಎರಡಾಳು ಆಳಕ್ಕೆ ಹೋಗುವಷ್ಟರಲ್ಲಿ ಕಿವಿಗೆ ಗೂಟ ಹೊಡೆದಂತಾಗಿ ಕಂಬ ಬಿಟ್ಟು ಮೇಲೆ ಬಂದೆ. ಮತ್ತೆ ಇಳಿಯಲಿಲ್ಲ.

ಅವನು ಪಂಚೆ ಬಿಗಿದು ಇಳಿದ. ಮೂರು ಸಲ ಮುಳುಗಿದ. ಮೂರನೆಯ ಸಲ ಕಾಲುವೆಯಲ್ಲಿ ನೀರು ಭೋರ್ಗರೆದು ಬಂತು, ಜನ ಅತ್ತ ಓಡಿದರು. ಮೇಲೆ ಬಂದವನ ಬಲಗಿವಿಯಿಂದ ರಕ್ತ ಇಳಿಯುತ್ತಿತ್ತು. ಸೀನಿದ. “ಬುಟ್ಟೆ ಕಣ್ರಪ್ಪಾ” ಎಂದ. ಅವನ ಸುತ್ತ ಯಾರೂ ಇರಲಿಲ್ಲ, ನಾನೊಬ್ಬನನ್ನು ಬಿಟ್ಟು.

ಅವತ್ತೇ, ಆ ಏರಿಯ ಮೇಲೆ, ಹೇಳಿಬಿಟ್ಟೆ. ಅಂದು ಶಿರಾದಲ್ಲಿ ನಾನಾಡಿದ್ದು ಸುಳ್ಳು, ನನಗೆ ಕಲಿಸಿದವನು ನೀನು, ತಪ್ಪಾಯಿತು ಎಂದು. ಅವನು ತಲೆಯನ್ನು ಎಡಗಡೆ ವಾಲಿಸಿದ, ಬಲಗಡೆ ವಾಲಿಸಿದ. ನನ್ನ ತುಟಿಯನ್ನೇ ನೋಡಿದ. “ಏನಂದ್ರಿ ಬುದ್ದಿ? ಒಸಿ ಗಟ್ಟಿಯಾಗಿ” ಎಂದ. ಗಟ್ಟಿಯಾಗಿ ಹೇಳೋಣವೆಂದರೆ ಕಾಲುವೆಯ ಕಡೆಯಿಂದ ಜನ ವಾಪಸ್ಸು ಬರುತ್ತಿದ್ದರು. “ಏನಿಲ್ಲ, ಮನೆಗೋಗು” ಎಂದು ಕೈಸನ್ನೆ ಮಾಡಿದೆ.

ಆ ಚಳಿಗಾಲ ಕಳೆಯುವ ಮೊದಲೇ ಜ್ವರ ಹಿಡಿದು ಹೋದ. ಗದ್ದೆಗಳಿಗೆ ನೀರು ಕಟ್ಟುವ ದಿನವಾದ್ದರಿಂದ ಮಣ್ಣಿಗೆ ಊರಿನವರು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಮೊನ್ನೆ ಮೊನ್ನೆ, ಹಳೆಯ ಕಾಲದ ಪಟುಗಳನ್ನು ಕರೆದು ಗೌರವಿಸುತ್ತೇವೆ, ನೀವು ಅಧ್ಯಕ್ಷರಾಗಬೇಕು ಎಂದು ಕೆಲವರು ಬಂದರು. ಅಧ್ಯಕ್ಷತೆ ಬೇಡ, ಕೆರೆ ಏರಿಯ ಮೇಲೆ ನೀರುಗಂಟಿಯ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸೋಣ, ಅವನ ವಿಷಯ ನಾನೇ ನಾಲ್ಕು ಜನರೆದುರು ಹೇಳುತ್ತೇನೆ ಎಂದೆ. ಒಪ್ಪಿದರು. ಒಂದು ಮಾತು ಕೇಳಿ ಬರೋಣವೆಂದು ಅವನ ಮಗಳ ಹತ್ತಿರ ಹೋದೆ. ಜೀವಮಾನದಲ್ಲಿ ಮೊದಲ ಸಲ ಆ ಕೇರಿಯ ಒಳಗೆ ಕಾಲಿಟ್ಟೆ. ಅವಳಿಗೂ ಈಗ ತಲೆ ನೆರೆತಿದೆ. ಕಡಲೆಕಾಯಿ ಸುಲಿಯುತ್ತ ಕೂತಿದ್ದವಳು ನಾನು ಹೇಳಿದ್ದನ್ನೆಲ್ಲ ಕೇಳಿದಳು.

“ಅಪ್ಪ ಅವತ್ತು ಶಿರಾದಿಂದ ಬಂದು ಒಂದೇ ಮಾತಂದ್ರು. ‘ಚಿಕ್‌ಗೌಡ್ರು ಚೆಂದಾಗಿ ಈಜಿದ್ರು ಕಣವ್ವ’ ಅಂತ. ಇನ್ನೇನೂ ಅನ್ನಿಲ್ಲ” ಎಂದಳು. ಸ್ವಲ್ಪ ಹೊತ್ತು ಸುಲಿದಳು. ಆಮೇಲೆ, “ಕಲ್ಲು ಬ್ಯಾಡಿ ಗೌಡ್ರೆ. ಹೆಸ್ರೂ ಬ್ಯಾಡಿ. ಎಲ್ಲೂ ಬರೀಬ್ಯಾಡಿ. ಬರದ್ರೆ ನಿಮ್ಗೆ ಸುಖವಾಗಿ ನಿದ್ದೆ ಬಂದ್ಬುಡ್ತದೆ. ಅದ್ಕೇ ಬ್ಯಾಡ” ಎಂದಳು.

ಅವಳು ಹೇಳಿದಂತೆ ಹೆಸರು ಬರೆದಿಲ್ಲ.